ಬಾಲವಿದ್ದ ಮೀನುಗಳು

ಸತ್ತ ಮೀನನ್ನು ತೆಗೆದು ಹಾಕುವುದು ಯಾವ ಲೆಕ್ಕದ ಕಳ್ಳತನ ಎಂದು ರೂಡಿ ಆಮಾಕರ್ ಆ ಬೆಳಗ್ಗೆ ತನಗೆ ತಾನೇ ಕೇಳಿಕೊಂಡಿದ್ದ. ಉತ್ತರವನ್ನೂ ತಾನೇ ಕೊಟ್ಟುಕೊಂಡಿದ್ದ. ಹೊಲ ತನ್ನದು, ಕಾಲುವೆ ತನ್ನ ಅಜ್ಜ ತೋಡಿದ್ದು, ನಾರುವ ಹೆಣವನ್ನು ಯಾರು ಎತ್ತಿದರೇನು?

ಹಾಲು ಕರೆದು ಮುಗಿದಿತ್ತು. ಮಂಜು ಇನ್ನೂ ಹುಲ್ಲಿನ ಮೇಲೆ ಕೂತಿತ್ತು. ಕೊಟ್ಟಿಗೆಯ ಹಿಂದಿನ ಕಾಲುವೆಯಲ್ಲಿ ರಬ್ಬರ್ ಬೂಟು ಹಾಕಿಕೊಂಡು ನಿಂತು, ಹುಲ್ಲೆತ್ತುವ ನಾಲ್ಕು ಹಲ್ಲಿನ ಕವೆಗೋಲಿನಿಂದ ಅವನು ಸಾಲ್ಮನ್ ಮೀನುಗಳನ್ನು ಚುಚ್ಚಿ ಚುಚ್ಚಿ ಟ್ರ್ಯಾಕ್ಟರಿನ ಮುಂದಿನ ಬಕೆಟ್ಟಿಗೆ ಎಸೆಯುತ್ತಿದ್ದ. ಎಲ್ಲಾ ಕೋಹೊ ಜಾತಿಯವು. ಕಡಲಿನಿಂದ ನದಿ ಹತ್ತಿ, ನದಿಯಿಂದ ಹಳ್ಳ ಹತ್ತಿ, ಜಲ್ಲಿಕಲ್ಲಿನ ನಡುವೆ ಮೊಟ್ಟೆಯಿಟ್ಟು ಅಲ್ಲೇ ಸಾಯುವುದು ಅವುಗಳ ಹುಟ್ಟುಗುಣ. ಹೆಚ್ಚಿನವುಗಳ ಬಾಲವನ್ನು ಯಾರೋ ಚಾಕುವಿನಿಂದ ನೀಟಾಗಿ ಕತ್ತರಿಸಿದ್ದರು. ಪಡ್ಡೆ ಹುಡುಗರ ಕಿತಾಪತಿ ಎಂದುಕೊಂಡ. ಕೆಲವಕ್ಕೆ ಬಾಲವಿತ್ತು. ಅದನ್ನೂ ಎಸೆದ, ಇದನ್ನೂ ಎಸೆದ.

ಹತ್ತು ಗಂಟೆಗೆ ಕೌಂಟಿಯ, ಅಂದರೆ ಜಿಲ್ಲೆಯ, ಯೋಜನಾ ಸಮಿತಿಯವರು ಈ ಕಾಲುವೆ ನೋಡಲು ಬರುವವರಿದ್ದರು. ನೆರೆ ಬರುವ ಬಯಲಿಗೆ ಹೊಸ ನಿಯಮ ಬರುತ್ತಿತ್ತು. ಸಾಲ್ಮನ್ ಬರುವ ಹಳ್ಳವಾದರೆ ಎರಡೂ ದಡದಿಂದ ನೂರೆಪ್ಪತ್ತು ಅಡಿಯೊಳಗೆ ಒಂದು ಬುಟ್ಟಿ ಮಣ್ಣು ಕೂಡ ಏರಿಸುವಂತಿಲ್ಲ. ಮನುಷ್ಯ ತೋಡಿದ ಬರೀ ಕಾಲುವೆಯಾದರೆ ಏರಿಸಬಹುದು. ರೂಡಿಗೆ ಏರಿಸಲೇಬೇಕಿತ್ತು. ಎರಡು ಚಳಿಗಾಲದ ಹಿಂದೆ ನೆಹಾಟ ನದಿ ಒಡ್ಡು ಮೀರಿ ಬಂದಾಗ ಅವನ ಹತ್ತೊಂಬತ್ತು ಹಸುಗಳು ಕೊಟ್ಟಿಗೆಯಲ್ಲೇ ಮುಳುಗಿ ಸತ್ತಿದ್ದವು. ಎದೆಯುದ್ದ ನೀರಿನಲ್ಲಿ ನಿಂತು ಒಂದೊಂದರ ಗದ್ದವನ್ನೂ ಹೆಗಲ ಮೇಲಿಟ್ಟುಕೊಂಡವನು ಅವನು. ಹಾಗೆ ಹಿಡಿದ ಗದ್ದ ಭಾರವಾಗಿ ಜಾರಿ ಹೋಗುವುದು ಹೇಗಿರುತ್ತದೆಂದು ಅವನ ಹೆಗಲಿಗೆ ಗೊತ್ತಿತ್ತು. ಈಗ ಕೊಟ್ಟಿಗೆಯ ಹಿಂದೆ ಆರಡಿ ಎತ್ತರದ ಮಣ್ಣಿನ ದಿಬ್ಬ ಕಟ್ಟಿಸಿ, ನೆರೆ ಬಂದರೆ ಹಸುಗಳನ್ನು ಅಲ್ಲಿ ಹತ್ತಿಸುವುದು ಅವನ ಆಸೆ. ಗೂಟ ಹೊಡೆದೂ ಆಗಿತ್ತು. ಆ ಗೂಟದಿಂದ ಕಾಲುವೆಗೆ ನಲವತ್ತು ಅಡಿ.

ಕೊನೆಯ ಮೀನು ಬದುಕಿತ್ತು.

ಹೆಣ್ಣು ಮೀನು. ಹೊಟ್ಟೆ ತುಂಬಿ ಬಿಗಿದಿತ್ತು, ಪಕ್ಕೆ ಕೆಂಪಾಗಿತ್ತು. ಗೇಣುದ್ದ ನೀರಿನಲ್ಲಿ ಮಗ್ಗುಲಾಗಿ ಬಾಲ ಬಡಿದು ಜಲ್ಲಿಯನ್ನು ತೋಡುತ್ತಿತ್ತು. ರೂಡಿ ಕವೆಗೋಲಿನ ಹಿಡಿಯಿಂದ ಅದನ್ನು ಕೆಳಗೆ ಓಡಿಸಿದ. ಅದು ಹತ್ತು ಮಾರು ಹೋಗಿ ಮತ್ತೆ ಅದೇ ಜಾಗಕ್ಕೆ ಬಂತು. ಮತ್ತೆ ಓಡಿಸಿದ, ಮತ್ತೆ ಬಂತು. ಮೂರನೆಯ ಸಲ ಓಡಿಸಿದರೂ ಬಂದಾಗ ಅವನಿಗೆ ಸಿಟ್ಟೇ ಬಂತು, ಹಟಮಾರಿ ಕರುವಿನ ಮೇಲೆ ಬರುವಂಥ ಸಿಟ್ಟು. ಗಡಿಯಾರ ನೋಡಿದ. ಕವೆಗೋಲನ್ನು ತಿರುಗಿಸಿ ಹಿಡಿದು ತಲೆಯ ಹಿಂದೆ ಚುಚ್ಚಿದ. ಮೊದಲ ಪೆಟ್ಟಿಗೆ ಸಾಯಲಿಲ್ಲ.

ಎಲ್ಲವನ್ನೂ ಮರದ ಹೊಟ್ಟಿನ ರಾಶಿಯಲ್ಲಿ ಹೂತ. ಸತ್ತ ಕರುಗಳನ್ನು ಕೊಳೆಸುವ ರಾಶಿ ಅದು. ಈ ಕಣಿವೆಯ ಪ್ರತಿ ಹಾಲಿನವನ ಮನೆಯಲ್ಲೂ ಒಂದಿರುತ್ತದೆ. ಅದನ್ನು ಯಾರೂ ಕೆದಕುವುದಿಲ್ಲ, ಅದರಲ್ಲೇನಿದೆ ಎಂದು ಯಾರೂ ಕೇಳುವುದಿಲ್ಲ.

ಹತ್ತು ಗಂಟೆಗೆ ಸಮಿತಿಯ ಐದು ಜನ ಬಂದರು. ಅಧ್ಯಕ್ಷೆ ಆಗ್ನೆಸ್ ಪುಲ್ವರ್, ಕಣಿವೆಯ ಅರ್ಧ ಜನಕ್ಕೆ ಮಗ್ಗಿ ಕಲಿಸಿದ ನಿವೃತ್ತ ಟೀಚರು. ಸದಸ್ಯರಲ್ಲೊಬ್ಬ ಡೇಲ್ ವೆಂಗರ್, ರೂಡಿಯ ಹೆಂಡತಿಯ ತಮ್ಮ, ಬಾಯಿ ಮುಂದು. ಹಿಂದಿನಿಂದ ತನ್ನ ಹಳೇ ಜೀಪಿನಲ್ಲಿ ಬಂದವಳು ಲೆನೋರಾ ಕ್ವಿನ್. ನದಿ ಕಡಲು ಸೇರುವಲ್ಲಿರುವ ಬುಡಕಟ್ಟಿನವಳು. ಅವರ ಮೀನು ಕಚೇರಿಯ ಪರವಾಗಿ ಇಪ್ಪತ್ತೆರಡು ವರ್ಷದಿಂದ ಹಳ್ಳ ಹಳ್ಳ ನಡೆದು ಮೀನು ಎಣಿಸುವುದು ಅವಳ ಕೆಲಸ. ಅವಳು ಕಾಲುವೆಯ ದಡಕ್ಕೆ ಬಂದವಳೇ ನಿಂತುಬಿಟ್ಟಳು. ತೊಳೆದ ತಟ್ಟೆಯ ಹಾಗೆ ಜಲ್ಲಿ ಹೊಳೆಯುತ್ತಿತ್ತು.

“ಮಂಗಳವಾರ ಇಲ್ಲಿ ಇಪ್ಪತ್ತಾರು ಮೀನಿತ್ತು,” ಅಂದಳು. “ನಾನೇ ಎಣಿಸಿದ್ದು.”

“ಏನಮ್ಮ ಲೆನೋರಾ,” ಅಂದ ಡೇಲ್, “ನಿನ್ ಮೀನು ಬಸ್ ಹತ್ಕೊಂಡು ಊರಿಗ್ ಹೋದ್ವಾ?”

ಎಲ್ಲರೂ ನಕ್ಕರು. ಆಗ್ನೆಸ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದಳು. ರೂಡಿಯೂ ನಕ್ಕ. ನಗದಿದ್ದರೆ ಯಾರಿಗಾದರೂ ಅನುಮಾನ ಬಂದೀತು ಎಂದು ಸ್ವಲ್ಪ ಜೋರಾಗಿಯೇ ನಕ್ಕ. ನದಿ ಕೊಚ್ಚಿಕೊಂಡು ಹೋಗಿರಬೇಕು ಎಂದೂ ಹೇಳಿದ. ಒಂಬತ್ತು ದಿನದಿಂದ ಮಳೆಯೇ ಬಂದಿಲ್ಲವಲ್ಲ ಎಂದಳು ಲೆನೋರಾ. ಈ ಕರಾವಳಿಯಲ್ಲಿ ನವೆಂಬರ್ ತಿಂಗಳು ಒಂಬತ್ತು ದಿನ ಒಣಗುವುದು ಅಪರೂಪ, ಆದ್ದರಿಂದ ಎಲ್ಲರಿಗೂ ಅದು ನೆನಪಿತ್ತು.

ಒಂದೇ ಮೀನನ್ನು ಎರಡು ಸಲ ಎಣಿಸಿರಬಹುದೇ ಎಂದು ಆಗ್ನೆಸ್ ವಿಚಾರಿಸಿದಳು. ಹಾಗಾಗುವುದಿಲ್ಲ ಎಂದಳು ಲೆನೋರಾ. ಸತ್ತ ಮೀನನ್ನು ಎಣಿಸಿದ ಮೇಲೆ ಅದರ ಬಾಲ ಕತ್ತರಿಸಿ ಅಲ್ಲೇ ಬಿಡುತ್ತಾರೆ. ಮುಂದಿನ ವಾರ ಬಂದಾಗ ಬಾಲವಿಲ್ಲದ್ದು ಹಳೇದು, ಬಾಲವಿದ್ದದ್ದು ಹೊಸದು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರೂಡಿ ಬಗ್ಗಿ ತನ್ನ ಬೂಟಿಗೆ ಮೀನಿನ ಹುರುಪೆ ಅಂಟಿದೆಯೇ ಎಂದು ನೋಡಿಕೊಂಡ. ತಲೆ ಎತ್ತಿದಾಗ ಲೆನೋರಾ ಅವನನ್ನೇ ನೋಡುತ್ತಿದ್ದಳು. ಕೈಯಲ್ಲಿದ್ದ ಹಾಳೆಯಲ್ಲಿ ಸೊನ್ನೆ ಬರೆದು, ಜೀಪು ಹತ್ತಿ ಹೋದಳು.

ಆಮೇಲಿನ ಎರಡು ವಾರ ರೂಡಿಗೆ ಊರೆಲ್ಲ ಬೆನ್ನು ತಟ್ಟುವುದೇ ಆಯಿತು. ದನದ ಮೇವಿನ ಅಂಗಡಿಯಲ್ಲಿ ಅವನು ಕೇಳದೆಯೇ ಕಾಫಿ ಬಂತು. ಮೀನಿನವರ ಸುಳ್ಳು ಕೊನೆಗೂ ಬಯಲಾಯಿತು, ಇಷ್ಟು ವರ್ಷ ಬರೆದ ಅಂಕಿಗಳೆಲ್ಲ ಹೀಗೇ ಮನೆಯಲ್ಲಿ ಕೂತು ಬರೆದವು, ಆ ಹೆಂಗಸಿಗೆ ಸಂಬಳ ಬೇರೆ ದಂಡ ಎಂದು ಜನ ಆಡಿಕೊಂಡರು. ರೂಡಿ ಕಾಫಿ ಕುಡಿದ. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು.

ಅವನಿಗೆ ಇದಕ್ಕಿಂತ ಕೆಟ್ಟದ್ದೊಂದು ಗೊತ್ತಿತ್ತು. ಆ ನೆರೆಯ ದಿನ ಮೀನು ಕಚೇರಿಯ ದೋಣಿಯನ್ನು ಕೊಟ್ಟಿಗೆಯ ಬಾಗಿಲಿಗೇ ತಂದು ನಿಲ್ಲಿಸಿದವಳು ಲೆನೋರಾ. ಹಸುಗಳ ಕೊರಳಿಗೆ ಹಗ್ಗ ಹಾಕಿ, ಒಂದು ಸಲಕ್ಕೆ ಎರಡೆರಡರಂತೆ ರಸ್ತೆಯ ಏರಿಗೆ ಈಜಿಸಿಕೊಂಡು ಹೋಗಿದ್ದಳು. ಸತ್ತದ್ದು ಹತ್ತೊಂಬತ್ತು. ಉಳಿದದ್ದು ಎಪ್ಪತ್ತು ಚಿಲ್ಲರೆ. ಉಳಿದವುಗಳ ಹಾಲನ್ನೇ ಅವನು ಇವತ್ತಿಗೂ ಮಾರುತ್ತಿದ್ದ. ಊರಿಗೆ ಅದು ಮರೆತುಹೋಗಿತ್ತು. ಬೆಳಗ್ಗೆ ಸಂಜೆ ಅದೇ ಕೆಚ್ಚಲಿಗೆ ಕೈ ಹಾಕುವವನಿಗೆ ಮರೆಯುವುದು ಹೇಗೆ?

ಗುರುವಾರ ಡೇಲ್ ಮನೆಗೆ ಬಂದು ಒಂದು ಕಾಗದ ತೋರಿಸಿದ. ಲೆನೋರಾಳ ಲೆಕ್ಕವನ್ನು ಕಡತದಿಂದ ತೆಗೆದುಹಾಕಬೇಕು, ಅದು ಕಟ್ಟುಕತೆ ಎಂದು ಅವಳ ಕಚೇರಿಗೆ ಬರೆಯಬೇಕು, ಇನ್ನು ಮುಂದೆ ಕಣಿವೆಯ ಯಾವ ರೈತನೂ ಅವಳನ್ನು ತನ್ನ ಹೊಲಕ್ಕೆ ಬಿಡಬಾರದು ಎಂದು ಅದರಲ್ಲಿತ್ತು. ಹೊಲದವನು ಬಿಡದಿದ್ದರೆ ಅವಳು ಎಣಿಸುವುದೆಲ್ಲಿ? ಇಪ್ಪತ್ತೆರಡು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಮೊದಲ ಸಹಿ ರೂಡಿಯದೇ ಇರಲಿ ಎಂದು ಡೇಲ್ ಪೆನ್ನು ಮುಂದೆ ಹಿಡಿದ. ಕೈ ಸಗಣಿಯಾಗಿದೆ, ಸಭೆಯಲ್ಲೇ ಹಾಕುತ್ತೇನೆ ಎಂದು ರೂಡಿ ಒಳಗೆ ಹೋಗಿ ಕೈ ತೊಳೆಯತೊಡಗಿದ. ಡೇಲ್ ಹೊರಟುಹೋದ ಮೇಲೂ ತೊಳೆಯುತ್ತಲೇ ಇದ್ದ.

ಅವನ ಹೆಂಡತಿ ಬರ್ನೀಸ್ ಒಲೆಯ ಮುಂದೆ ನಿಂತಿದ್ದಳು. ತಿರುಗಿ ಕೂಡ ನೋಡಲಿಲ್ಲ.

“ಸಮಿತಿಯವ್ರು ಬಂದ್ ದಿನದ ನಿನ್ ಬಟ್ಟೆ ಮೂರು ಸಲ ಒಗ್ದೆ,” ಅಂದಳು. “ಅದು ದನದ ವಾಸ್ನೆ ಅಲ್ಲ ರೂಡಿ. ನಲವತ್ತು ವರ್ಷ ಒಗ್ದಿದೀನಿ, ದನದ ವಾಸ್ನೆ ನಂಗೊತ್ತು.”

ಊಟಕ್ಕೆ ಆಲೂಗಡ್ಡೆ, ಹಂದಿಮಾಂಸ ಬಡಿಸಿದಳು. ಇಬ್ಬರೂ ತಟ್ಟೆ ನೋಡಿಕೊಂಡು ತಿಂದರು.

ಸಭೆ ಶುಕ್ರವಾರ ಸಂಜೆ ಆರಕ್ಕೆ, ರೈತ ಸಂಘದ ಸಭಾಂಗಣದಲ್ಲಿ. ನೂರಿಪ್ಪತ್ತು ಜನ ಸೇರಿದ್ದರು. ಮಾತಾಡುವವರಿಗೆ ತಲಾ ಮೂರು ನಿಮಿಷ. ನಿಯಮ ಬಂದರೆ ಹುಲ್ಲು ಕೂಡಿಡುವ ಕೊಟ್ಟಿಗೆ ಕಟ್ಟುವಂತಿಲ್ಲ, ಮಗಳಿಗೆ ಮನೆ ಕಟ್ಟಿಕೊಡುವಂತಿಲ್ಲ, ರಾಜಧಾನಿಯಲ್ಲಿ ಕೂತವರಿಗೆ ನೆರೆ ಅಂದರೆ ಏನು ಗೊತ್ತು ಎಂದು ಒಬ್ಬರ ಮೇಲೊಬ್ಬರು ಹೇಳಿದರು. ಅದರಲ್ಲಿ ಅರ್ಧ ನಿಜವೂ ಇತ್ತು. ಮಣ್ಣೇರಿಸಿದವನ ಹೊಲ ಉಳಿದರೆ ಆ ನೀರು ಕೆಳಗಿನವನ ಮನೆಗೆ ನುಗ್ಗುತ್ತದೆ ಎಂದು ಕೆಳ ಕಣಿವೆಯ ಒಬ್ಬ ಮುದುಕ ಹೇಳಿದ. ಅವನಿಗೆ ಚಪ್ಪಾಳೆ ಬೀಳಲಿಲ್ಲ. ಲೆನೋರಾ ಕೊನೆಯ ಸಾಲಿನಲ್ಲಿ ಹಾಳೆಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಎರಡೂ ಪಕ್ಕದ ಕುರ್ಚಿ ಖಾಲಿ.

ಡೇಲ್ ಎದ್ದು ಕಾಗದ ಓದಿದ. ಓದುತ್ತಾ ಓದುತ್ತಾ ಗಂಟಲು ಏರಿಸಿದ. ಓದಿ ಮುಗಿಸಿ, ಇದಕ್ಕೆ ಸಾಕ್ಷಿ ಬೇರೆ ಯಾರೂ ಬೇಡ, ಆ ಹೊಲದ ಯಜಮಾನನೇ ಇಲ್ಲಿದ್ದಾನೆ, ಅವನ ಬಾಯಲ್ಲೇ ಕೇಳಿ ಎಂದು ಕೈ ತೋರಿಸಿದ.

ರೂಡಿ ಮೈಕಿನ ತನಕ ನಡೆದ. ಟೋಪಿ ತೆಗೆದು ಕೈಯಲ್ಲಿ ಹಿಡಿದ. ಟೀಚರು ಆಗ್ನೆಸ್ ಅವನನ್ನು ನೋಡುತ್ತಿದ್ದಳು, ಮೂರನೇ ಕ್ಲಾಸಿನಲ್ಲಿ ಹಲಗೆಯ ಮುಂದೆ ನಿಲ್ಲಿಸಿ ನೋಡುತ್ತಿದ್ದ ಹಾಗೆಯೇ.

“ಮೀನಿದ್ವು,” ಅಂದ. “ನಾನೇ ತೆಗ್ದೆ. ನೀವು ಬರೋಕ್ ಮುಂಚೆ ತೆಗ್ದು, ಸತ್ ಕರು ಹಾಕೋ ರಾಶೀಲಿ ಹೂತೆ. ಅವಳ್ ಲೆಕ್ಕ ಸರಿ ಇದೆ.”

ಹಿಂದೆ ಯಾರೋ ಕಿಸಕ್ಕೆಂದರು. ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಇಡೀ ಸಭೆ ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು.

“ಮುಂದಿನ್ ಸಲ ಕರಿ ರೂಡಿ,” ಎಂದು ಒಬ್ಬ ಕೂಗಿ ಹೇಳಿದ. “ಬಕೆಟ್ ದೊಡ್ದಿರೋ ಟ್ರ್ಯಾಕ್ಟರ್ ನನ್ಹತ್ರ ಇದೆ.”

ಅವರು ಅವನ ಜನ. ಅವನ ಹಸು ಸತ್ತಾಗ ಹುಲ್ಲು ತಂದು ಹಾಕಿದವರು. ಅವನು ಮಾಡಿದ್ದು ಅವರಿಗೆ ಶೌರ್ಯವಾಗಿ ಕಂಡಿತು. ಮುಖಕ್ಕೆ ಉಗಿದಿದ್ದರೆ ಒರೆಸಿಕೊಂಡು ಮನೆಗೆ ಹೋಗಬಹುದಿತ್ತು. ಚಪ್ಪಾಳೆಯನ್ನು ಯಾವ ಬಟ್ಟೆಯಿಂದ ಒರೆಸಿಕೊಳ್ಳುವುದು? ಡೇಲ್ ಒಬ್ಬನೇ ನಗುತ್ತಿರಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಗೋಡೆ ನೋಡುತ್ತಿದ್ದ.

ಆಗ್ನೆಸ್ ಮೇಜು ಕುಟ್ಟಿ ಸದ್ದಡಗಿಸಿದಳು. ಇದನ್ನು ತಮಾಷೆ ಎಂದು ಬಿಡಬೇಕೋ, ನಡಾವಳಿಯಲ್ಲಿ ಬರೆಯಬೇಕೋ ಎಂದು ಗುಮಾಸ್ತೆ ಕೇಳಿದಳು. ಬರೆಯಿರಿ ಎಂದ ರೂಡಿ.

ಲೆನೋರಾ ಕೂತಲ್ಲಿಂದಲೇ ಎದ್ದು ನಿಂತಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. ಹಾಳೆ ತುಂಬುವವಳ ದನಿ ಅದು.

“ಬಾಲ ಇದ್ದಿದ್ದು ಎಷ್ಟಿತ್ತು, ಆಮಾಕರ್ ಅವರೇ? ನಾನು ಎಣಿಸದೇ ಇರೋದು ಅವು.”

“ನಾನೂ ಎಣಿಸ್ಲಿಲ್ಲ,” ಅಂದ.

“ಎಲ್ಲಾ ಸತ್ತಿದ್ವಾ?”

ಸತ್ತ ಮೀನು ಎತ್ತಿದರೆ ಬೈಗುಳ, ಹೆಚ್ಚೆಂದರೆ ಒಂದು ನೋಟಿಸು. ಬದುಕಿರುವ ಕೋಹೊವನ್ನು ಕೊಂದರೆ ಕೇಂದ್ರ ಸರಕಾರದ ಕೋರ್ಟು. ಅದು ಆ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ರೂಡಿಯ ನಾಲಿಗೆ ಹಿಂದೆಗೆದದ್ದು ಕೋರ್ಟಿಗೆ ಹೆದರಿ ಅಲ್ಲ. ಹೊಟ್ಟೆ ತುಂಬಿದ ಹೆಣ್ಣನ್ನು ಮೂರು ಸಲ ಓಡಿಸಿ ನಾಲ್ಕನೆಯ ಸಲ ಚುಚ್ಚಿದೆ ಎಂದು ನೂರಿಪ್ಪತ್ತು ಜನರ ಮುಂದೆ, ಕರು ಹಾಕಿಸುವುದೇ ಕಸುಬಾದವನು ಹೇಗೆ ಹೇಳುವುದು?

“ಸತ್ತಿದ್ವು,” ಅಂದ. ಯೋಚಿಸುವ ಮೊದಲೇ ಮಾತು ಬಾಯಿಂದ ಹೊರಗೆ ಬಿದ್ದಿತ್ತು.

ನಿಯಮದ ತೀರ್ಮಾನವನ್ನು ಜನವರಿಗೆ ಮುಂದೂಡಿದರು. ರಾಶಿ ತೆಗೆಸಿ ಲೆಕ್ಕ ಮಾಡಿ ತರುವಂತೆ ಆಗ್ನೆಸ್ ಲೆನೋರಾಗೆ ಹೇಳಿದಳು.

ಮನೆಗೆ ಹೋಗುವಾಗ ಪಿಕಪ್ ವ್ಯಾನಿನಲ್ಲಿ ಬರ್ನೀಸ್ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. ಹಾಗೆ ಕೈಯಿಟ್ಟು ಎಷ್ಟು ವರ್ಷವಾಗಿತ್ತೋ. ತಮ್ಮನ ಮುಖ ಹರಳೆಣ್ಣೆ ಕುಡಿದವನ ಹಾಗಾಗಿತ್ತು, ಆಗಲಿ, ಅವನಿಗೂ ಬೇಕಿತ್ತು ಎಂದಳು. ಮೊದಲೇ ಹೇಳಿದ್ದರೆ ಎರಡು ವಾರ ಚೆನ್ನಾಗಿ ನಿದ್ದೆಯಾದರೂ ಮಾಡಬಹುದಿತ್ತಲ್ಲ ಎಂದೂ ಗದರಿದಳು.

“ಅಷ್ಟು ಜನರ ಮುಂದೆ ಪೂರ್ತಿ ನಿಜ ಹೇಳ್ದೆ ನೋಡು,” ಅಂದಳು, “ನಂಗೆ ಹೆಮ್ಮೆ ಆಯ್ತು.”

ರೂಡಿ ರಸ್ತೆ ನೋಡಿಕೊಂಡು ಗಾಡಿ ಓಡಿಸಿದ. ಆ ಕೈ ಮನೆ ಬರುವ ತನಕ ಅಲ್ಲೇ ಇತ್ತು. ಕಾದ ಕಬ್ಬಿಣವಾಗಿದ್ದರೂ ಅವನು ಕಾಲು ಸರಿಸುತ್ತಿರಲಿಲ್ಲ. ಸರಿಸುವ ಯೋಗ್ಯತೆ ತನಗಿಲ್ಲ ಅನ್ನಿಸಿತ್ತು.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಲೆನೋರಾ ಒಬ್ಬಳೇ ಬಂದಳು. ಒಂದು ನೀಲಿ ಟಾರ್ಪಾಲು ಹಾಸಿ, ಅಳತೆಯ ಹಲಗೆ ಇಟ್ಟು, ಕೈಗವಸು ಹಾಕಿಕೊಂಡಳು. ತಾನೇ ಅಗೆಯುತ್ತೇನೆ ಎಂದ ರೂಡಿ. ಅಗೆ ಎಂದಳು.

ಮರದ ಹೊಟ್ಟು ಒಳಗೆ ಬಿಸಿಯಾಗಿ ಹಬೆಯಾಡುತ್ತಿತ್ತು. ಮೊದಲು ಒಂದು ಕರುವಿನ ಕಾಲು ಬಂತು, ಅದನ್ನು ಮೆಲ್ಲನೆ ಪಕ್ಕಕ್ಕಿಟ್ಟ. ಆಮೇಲೆ ಮೀನುಗಳು ಬರತೊಡಗಿದವು. ಅವನು ಒಂದೊಂದನ್ನೇ ಕೈಯಲ್ಲಿ ಎತ್ತಿ ಟಾರ್ಪಾಲಿನ ಮೇಲೆ ಮಲಗಿಸಿದ, ಕವೆಗೋಲು ಮುಟ್ಟಲಿಲ್ಲ. ಅವಳು ಬಾಲವಿಲ್ಲದ್ದನ್ನು ಒಂದು ಸಾಲಿನಲ್ಲಿ, ಬಾಲವಿದ್ದದ್ದನ್ನು ಇನ್ನೊಂದು ಸಾಲಿನಲ್ಲಿ ಇಟ್ಟಳು. ಬಾಲವಿಲ್ಲದ್ದು ಇಪ್ಪತ್ತಾರು. ತನ್ನ ಮಂಗಳವಾರದ ಲೆಕ್ಕ ಹೊಂದಿತು ಎಂದು ಅವಳು ಹಿಗ್ಗಲಿಲ್ಲ. ಗುರುತು ಹಾಕಿ ಮುಂದಕ್ಕೆ ಹೋದಳು.

ಬಾಲವಿದ್ದದ್ದು ಏಳು. ಉದ್ದ ಅಳೆದು, ಹೆಣ್ಣಾದರೆ ಹೊಟ್ಟೆ ಸೀಳಿ, ಮೊಟ್ಟೆ ಎಷ್ಟು ಉಳಿದಿದೆ ಎಂದು ನೋಡುವುದು ಅವಳ ಕ್ರಮ. ಆರರಲ್ಲಿ ಮೂರು ಹೆಣ್ಣು, ಮೂರರ ಹೊಟ್ಟೆಯೂ ಖಾಲಿ. ಮೊಟ್ಟೆಯಿಟ್ಟು, ತಮ್ಮ ಕೆಲಸ ಮುಗಿಸಿ ಸತ್ತವು. ಏಳನೆಯದನ್ನು ಸೀಳಿದಾಗ ಮೊಟ್ಟೆಗಳು ಮಡಿಲಿನಿಂದ ಸುರಿದ ಹಾಗೆ ಹಲಗೆಯ ಮೇಲೆ ಸುರಿದವು. ರಾಶಿಯ ಬಿಸಿಗೆ ಬೆಂದು ಬೆಳ್ಳಗಾಗಿದ್ದವು. ಅವಳು ಮೀನನ್ನು ತಿರುಗಿಸಿ ತಲೆಯ ಹಿಂಭಾಗ ನೋಡಿದಳು. ತೂತುಗಳು ಎಲ್ಲಾ ಮೀನಿಗೂ ಇದ್ದವು. ಇದರ ತೂತುಗಳ ಸುತ್ತ ಮಾತ್ರ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಹೆಣಕ್ಕೆ ಚುಚ್ಚಿದರೆ ರಕ್ತ ಬರುವುದಿಲ್ಲ. ಅದನ್ನು ದನ ಸಾಕಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಲೆನೋರಾ ಪೆನ್ನನ್ನು ಹಾಳೆಯ ಮೇಲೆ ಹಿಡಿದು ಕಾದಳು. ದೂರದಲ್ಲಿ ಹಾಲಿನ ಲಾರಿ ಹಿಮ್ಮುಖವಾಗಿ ಬರುವ ಪೀಂ ಪೀಂ ಸದ್ದು ಕೇಳುತ್ತಿತ್ತು.

“ಇದಕ್ಕೆ ಏನು ಬರೀಲಿ, ರೂಡಿ?”

ನೀರುನಾಯಿ ಎನ್ನಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿರಲಿಲ್ಲ, ಆದರೆ ಹೇಳಿದ್ದನ್ನು ಬರೆದುಕೊಂಡು ಹೋಗುತ್ತಿದ್ದಳು.

“ಬದ್ಕಿತ್ತು,” ಅಂದ. “ಮೂರ್ ಸಲ ಓಡಿಸ್ದೆ. ತಿರ್ಗಿ ತಿರ್ಗಿ ಅಲ್ಲಿಗೇ ಬಂತು. ಆಮೇಲ್ ಚುಚ್ದೆ.”

“ನಿನ್ನೆ ಯಾಕ್ ಹೇಳ್ಲಿಲ್ಲ?”

“ನಾಚಿಕೆ ಆಯ್ತು.”

“ಇವತ್ತು?”

“ಇವತ್ತೂ ಆಗ್ತಿದೆ.”

ಅವಳು ಬರೆದಳು. ಬರೆಯಲು ಬಹಳ ಹೊತ್ತು ಹಿಡಿಯಲಿಲ್ಲ. ಈ ಹಾಳೆ ತನ್ನ ಕಚೇರಿಯಲ್ಲಿ ನಿಲ್ಲುವುದಿಲ್ಲ, ಮೇಲಕ್ಕೆ ಹೋಗುತ್ತದೆ, ಅವರು ಬಂದು ಕೇಳುತ್ತಾರೆ ಎಂದಳು. ಬರಲಿ ಎಂದ. ಬರ್ನೀಸ್ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಳು. ಅವಳಿಗೆ ಇದನ್ನು ಈಗಲೇ, ಅವರು ಬರುವ ಮುಂಚೆ, ಇವತ್ತಿನ ಮಧ್ಯಾಹ್ನದ ಊಟಕ್ಕೆ ಕೂರುವ ಮುಂಚೆ ಹೇಳಬೇಕು. ಮೊಣಕಾಲಿನ ಮೇಲಿನ ಆ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡರೆ ತೆಗೆದುಕೊಳ್ಳಲಿ.

“ಎಲ್ಲಿ ತೋಡ್ತಿತ್ತು, ತೋರ್ಸು,” ಅಂದಳು ಲೆನೋರಾ.

ಅವನು ದಡದ ಮೇಲೆ ನಡೆದು ಬೆರಳು ಮಾಡಿ ತೋರಿಸಿದ. ಜಲ್ಲಿಯಲ್ಲಿ ಒಂದು ತಗ್ಗು ಇನ್ನೂ ಹಾಗೇ ಇತ್ತು, ಅರ್ಧ ತೋಡಿದ್ದು. ಅವಳು ಪಕ್ಕದ ಪೊದೆಗೆ ಕೆಂಪು ಪಟ್ಟಿ ಕಟ್ಟಿದಳು. ಅಳತೆಯ ಟೇಪಿನ ತುದಿಯನ್ನು ಅವನ ಕೈಗೆ ಕೊಟ್ಟು, ನೇರ ಹೋಗು ಎಂದಳು. ರೂಡಿ ಟೇಪು ಎಳೆದುಕೊಂಡು ನಡೆದ. ನಲವತ್ತು ಅಡಿಗೆ ಅವನೇ ಹೊಡೆದ ಗೂಟ ದಾಟಿತು. ದಿಬ್ಬದ ಜಾಗ ಪೂರ್ತಿ ದಾಟಿತು. ಕೊಟ್ಟಿಗೆಯ ಹಿಂಬಾಗಿಲು ದಾಟಿ ಒಳಗೆ ಹೋದ. ಹಸುಗಳು ಕತ್ತು ಚಾಚಿ ಟೇಪನ್ನು ಮೂಸಿದವು. ನೂರೆಪ್ಪತ್ತು ಬಂದದ್ದು ಹಾಲು ಕರೆಯುವ ಜಾಗದಲ್ಲಿ. ಅಂಕಿಯನ್ನು ಅವನು ಅಲ್ಲಿಂದಲೇ ಕೂಗಿ ಹೇಳಿದ. ಅವಳು ಬರೆದುಕೊಂಡಳು.

ಇನ್ನು ಆಚೆ ದಡವನ್ನೂ ಅಳೆಯಬೇಕು ಎಂದಳು ಅವಳು. ಮೊಣಕಾಲುದ್ದದ ಬೂಟು ಕಾಲಲ್ಲೇ ಇತ್ತು, ಗೇಣುದ್ದದ ನೀರು, ನಾಲ್ಕು ಹೆಜ್ಜೆ ಹಾಕಿದರೆ ಆಚೆ ದಡ. ರೂಡಿಗೆ ಮೊಟ್ಟೆ ಹುದುಗಿದ್ದ ಆ ಜಲ್ಲಿಯ ಮೇಲೆ ಕಾಲಿಡಲು ಆಗಲಿಲ್ಲ. ಟೇಪಿನ ತುದಿ ಅವಳ ಕೈಗೆ ಕೊಟ್ಟು, ಕಾಲು ಮೈಲಿ ಸುತ್ತು ಹಾಕಿ ಸೇತುವೆಯ ಮೇಲಿನಿಂದ ಬರುತ್ತೇನೆ ಎಂದು ಹೇಳಿ ಹೊರಟ.